ಡಿಜೆ ರೇಟ್ ಹೇಗೆ ಇಡೋದು: ಗಂಟೆ ಲೆಕ್ಕನಾ, ಪ್ಯಾಕೇಜಾ, ಪ್ರತಿ ಫಂಕ್ಷನ್‌ಗೂ ಬೇರೆ ಕೊಟೇಶನ್ನಾ?

"ಸಾರ್, ಮುಂದಿನ ತಿಂಗಳು ನಮ್ಮನೇಲಿ ಫಂಕ್ಷನ್ ಇದೆ, ಡಿಜೆಗೆ ಎಷ್ಟಾಗತ್ತೆ?" ಅಂತ ಫೋನ್ ಬರತ್ತೆ, ಬಾಯಿಗೆ ಬಂದ ನಂಬರ್ ಹೇಳ್ತೀವಿ, ಫೋನ್ ಇಟ್ಟ ಮೇಲೆ ಕಮ್ಮಿ ಹೇಳ್ಬಿಟ್ನಾ ಜಾಸ್ತಿ ಹೇಳ್ಬಿಟ್ನಾ ಅಂತ ರಾತ್ರಿಯೆಲ್ಲ ತಲೆ ಕೊರೀತಾ ಇರತ್ತೆ. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಹುಡುಗೀರು ನನ್ನ ಹತ್ರ ಕೇಳೋದು ಯಾವ ಸ್ಪೀಕರ್ ತಗೊಳ್ಳಲಿ ಅನ್ನೋದಕ್ಕಿಂತ ಜಾಸ್ತಿ ಇದನ್ನೇ: ಗಂಟೆಗಿಷ್ಟು ಅಂತ ಹೇಳೋದಾ, ಒಂದು ಫಂಕ್ಷನ್‌ಗೆ ಇಷ್ಟು ಅಂತ ಒಟ್ಟಾಗಿ ಹೇಳೋದಾ, ಮೂರು ಪ್ಯಾಕೇಜ್ ಮಾಡಿಡೋದಾ, ಇಲ್ಲ ಜನ ಎಷ್ಟು ಬರ್ತಾರೆ ನೋಡಿಕೊಂಡು ಹೇಳೋದಾ. ಎಲ್ಲದಕ್ಕೂ ಅದರದ್ದೇ ಜಾಗ ಇದೆ. ಆದ್ರೆ ಆಯ್ಕೆ ಮಾಡೋಕೆ ಮುಂಚೆ ಒಂದು ಲೆಕ್ಕ ಕೈಲಿ ಇರ್ಲೇಬೇಕು, ಅದಿಲ್ಲದೆ ಯಾವ ಪದ್ಧತಿ ಹಿಡಿದ್ರೂ ಕತ್ತಲಲ್ಲಿ ತಡಕಾಡಿದ ಹಾಗೆ.

ಮೊದಲು ನಿಮ್ಮ ಅಸಲು ಎಷ್ಟು ನೋಡ್ಕೊಳ್ಳಿ

ಯಾವ ದುಡ್ಡಲ್ಲಾದ್ರೂ ಲೆಕ್ಕದ ದಾರಿ ಒಂದೇ, ಹಾಗಾಗಿ ನಾನಿಲ್ಲಿ ಬರೀ ಸಂಖ್ಯೆ ಬಳಸ್ತೀನಿ, ನೀವು ನಿಮ್ಮದನ್ನ ಹಾಕ್ಕೊಳ್ಳಿ.

ಸ್ಪೀಕರ್, ಕಂಟ್ರೋಲರ್ (ಹಾಡು ಮಿಕ್ಸ್ ಮಾಡೋ ಯಂತ್ರ), ಲ್ಯಾಪ್‌ಟಾಪ್, ಲೈಟು, ಸ್ಟ್ಯಾಂಡು, ಕೇಬಲ್ಲು, ಮೈಕು ಎಲ್ಲ ಸೇರಿ 6000 ಆಯ್ತು ಅನ್ಕೊಳ್ಳಿ. 4 ವರ್ಷ ಆದ್ಮೇಲೆ ಮಾರಿದ್ರೆ 2000 ಬರಬಹುದು. ಅಂದ್ರೆ 4 ವರ್ಷದಲ್ಲಿ 4000 ಸವೆದು ಹೋಯ್ತು, ವರ್ಷಕ್ಕೆ 1000. ರಿಪೇರಿ, ಹೊಸ ಕೇಬಲ್, ಹಾಡುಗಳ ಸಬ್‌ಸ್ಕ್ರಿಪ್ಶನ್, ಇನ್ಶೂರೆನ್ಸ್, ಜಾಹೀರಾತು, ನಿಮ್ಮ ಕಡೆ ಲೈಸೆನ್ಸ್ ಫೀ ಇದ್ರೆ ಅದು, ಎಲ್ಲ ಸೇರಿ ವರ್ಷಕ್ಕೆ ಇನ್ನೊಂದು 600. ಒಟ್ಟು 1600. ವರ್ಷಕ್ಕೆ 40 ಫಂಕ್ಷನ್ ಮಾಡಿದ್ರೆ ಒಂದೊಂದರ ತಲೆ ಮೇಲೆ 40 ಬೀಳತ್ತೆ. ಅದೇ 20 ಮಾತ್ರ ಮಾಡಿದ್ರೆ 80. ಇದು ಮನೇಲಿ ಕೂತ್ರೂ ತಪ್ಪದ ಖರ್ಚು. ಅದ್ರ ಮೇಲೆ ಗಾಡಿ ಖರ್ಚು 15, ಸಾಮಾನು ಎತ್ತೋಕೆ ಬರೋ ಹುಡುಗನಿಗೆ 25, ಅಲ್ಲಿಗೆ ಇನ್ನೂ 40.

ಈಗ ನಿಮ್ಮ ಗಂಟೆಗಳು. ಇಲ್ಲೇ ಎಲ್ರೂ ಏಮಾರೋದು. ನಾನು ಶುರು ಮಾಡಿದ ವರ್ಷ ಒಂದು ಬರ್ತ್‌ಡೇ ಪಾರ್ಟಿ ಒಪ್ಪಿಕೊಂಡೆ, 4 ಗಂಟೆ ಪ್ಲೇ ಮಾಡೋದು, ಅಷ್ಟೇ ತಾನೆ ಅಂತ. ಹಾಲ್ ಇದ್ದಿದ್ದು ಮೂರನೇ ಮಹಡೀಲಿ, ಲಿಫ್ಟ್ ಕೆಟ್ಟಿತ್ತು, ಎರಡು ಸಬ್ ವೂಫರ್ (ಬೇಸ್ ಸೌಂಡಿನ ಭಾರದ ಸ್ಪೀಕರ್) ಮೆಟ್ಟಿಲ ಮೇಲೆ ಹತ್ತಿಸೋ ಅಷ್ಟರಲ್ಲಿ ಹಾಕಿದ್ದ ಶರ್ಟ್ ಹಿಂಡಿದ್ರೆ ನೀರು ಬರ್ತಿತ್ತು. ರಾತ್ರಿ ಎಲ್ಲ ಮುಗಿದು ಖಾಲಿ ಹಾಲಲ್ಲಿ ಒಬ್ಬನೇ ಕೂತು ಕೇಬಲ್ ಸುತ್ತುತಾ ಇದ್ದಾಗ ಬೆಳಗ್ಗೆಯಿಂದ ಎಷ್ಟು ಹೊತ್ತಾಯ್ತು ಅಂತ ಬೆರಳಲ್ಲಿ ಎಣಿಸಿದೆ. ಅವತ್ತಿಂದ ಇವತ್ತಿನವರೆಗೂ ಎಣಿಸ್ತೀನಿ. ಒಂದು ಮಾಮೂಲಿ ಫಂಕ್ಷನ್‌ದು ಹೀಗೆ ಬರತ್ತೆ: ಫೋನ್ ಮಾತು, ಹಾಡಿನ ಪಟ್ಟಿ ಜೋಡಿಸೋದು ಒಂದೂವರೆ ಗಂಟೆ, ಮನೇಲಿ ಸಾಮಾನು ಗಾಡಿಗೆ ತುಂಬೋಕೆ ಅರ್ಧ ಗಂಟೆ, ಹೋಗಿ ಬರೋಕೆ ಒಂದೂವರೆ, ಅಲ್ಲಿ ಇಳಿಸಿ ಜೋಡಿಸಿ ಸೌಂಡ್ ಚೆಕ್ ಮಾಡೋಕೆ 2, ಪ್ಲೇ ಮಾಡೋದು 4, ಬಿಚ್ಚಿ ತುಂಬೋಕೆ 1, ಮನೇಲಿ ಇಳಿಸೋಕೆ ಅರ್ಧ. ಒಟ್ಟು 11 ಗಂಟೆ. ನಿಮ್ಮ ಗಂಟೆಗೆ 12 ಬೇಕು ಅಂತ ಇಟ್ಕೊಂಡ್ರೆ 132.

40 ಪ್ಲಸ್ 40 ಪ್ಲಸ್ 132, ಅಸಲು 212. ಇದಕ್ಕಿಂತ ಕಮ್ಮಿಗೆ ಹೋದ್ರೆ ಕೈಯಿಂದ ಹಾಕಿ ಬೇರೆಯವರ ಫಂಕ್ಷನ್ ಮಾಡಿಕೊಟ್ಟಂಗೆ.

ಲಾಭದ ಬಗ್ಗೆ ಒಂದು ಮಾತು, ಯಾಕಂದ್ರೆ ಇದ್ರಲ್ಲಿ ಎಡವಿದವರನ್ನ ತುಂಬ ನೋಡಿದೀನಿ. 212ಕ್ಕೆ 20% ಸೇರಿಸಿ 254 ಅಂತ ರೇಟ್ ಇಡ್ತಾರೆ, ಆಮೇಲೆ ಗಿರಾಕಿ ಚೌಕಾಸಿ ಮಾಡಿದಾಗ "ಸರಿ 20% ಬಿಡ್ತೀನಿ, ನನ್ನ ಲಾಭ ಬಿಟ್ಟೆ, ಅಸಲಾದ್ರೂ ಉಳೀತು" ಅನ್ಕೊಳ್ತಾರೆ. ಉಳಿಯಲ್ಲ. 254ರಲ್ಲಿ 20% ಅಂದ್ರೆ ಹತ್ರ ಹತ್ರ 51, ಕೈಗೆ ಬರೋದು 203, ಅಸಲಿಗಿಂತ 9 ಕಮ್ಮಿ. ರೇಟ್‌ನಲ್ಲಿ 20% ಲಾಭ ಇರ್ಬೇಕು ಅಂದ್ರೆ 212ನ್ನ 0.8ರಿಂದ ಭಾಗಿಸಬೇಕು, 265 ಬರತ್ತೆ. ಕೆಳಗೆ ಎಲ್ಲ ಕಡೆ ಈ 265ನ್ನೇ ನಮ್ಮ ಗುರಿ ಅಂತ ಇಟ್ಕೊಳ್ಳೋಣ. ತೆರಿಗೆ ಕಟ್ಟೋದಿದ್ರೆ ಅದನ್ನ ಬೇರೆ ನೋಡ್ಕೊಳ್ಳಿ.

ಯಾವುದನ್ನ ನೋಡಿ ಅಳೆಯೋದು

ಪ್ರತಿ ಪದ್ಧತಿಗೂ ನಾನು ಕೇಳೋ ಪ್ರಶ್ನೆಗಳು ಇವು. ಫಂಕ್ಷನ್ ಚಿಕ್ಕದಾದ್ರೂ ಅಸಲು ಹುಟ್ಟತ್ತಾ? ಟೈಮ್ ಎಳೆದ್ರೆ ಆ ಭಾರ ಯಾರ ಮೇಲೆ ಬೀಳತ್ತೆ? ಫೋನಲ್ಲಿ ಒಂದು ನಿಮಿಷದಲ್ಲಿ ಗಿರಾಕಿಗೆ ಅರ್ಥ ಆಗತ್ತಾ? ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸೋದು ಇನ್ನೊಂದು: ಒಂದು ಶನಿವಾರ ಸಂಜೆನ ಒಬ್ಬರಿಗೆ ಕೊಟ್ಟ ಮೇಲೆ ಅದನ್ನ ಇನ್ನೊಬ್ಬರಿಗೆ ಮಾರೋಕಾಗಲ್ಲ, ಆ ದಿನದ ಬೆಲೆ ಈ ಪದ್ಧತೀಲಿ ವಸೂಲಾಗತ್ತಾ?

ಗಂಟೆಗಿಷ್ಟು

ಹೇಳೋಕೆ ಸುಲಭ, ಕೇಳೋಕೂ ಸುಲಭ. 265ನ್ನ 4ರಿಂದ ಭಾಗಿಸಿದ್ರೆ ಗಂಟೆಗೆ 66. ಫಂಕ್ಷನ್ ಎಳೆದ್ರೆ ದುಡ್ಡೂ ತಾನಾಗೇ ಬೆಳೆಯತ್ತೆ, ಅದು ಇದ್ರ ದೊಡ್ಡ ಗುಣ.

ತೊಂದ್ರೆ ಬರೋದು "ನಮಗೆ 2 ಗಂಟೆ ಸಾಕು" ಅಂದಾಗ. ಗಂಟೆ ಲೆಕ್ಕದಲ್ಲಿ 132 ಸಿಗತ್ತೆ. ಆದ್ರೆ ನಿಮ್ಮ 11 ಗಂಟೆ 9 ಆಯ್ತೇ ಹೊರತು ಅರ್ಧ ಆಗಲಿಲ್ಲ, ಅಸಲು 40 ಪ್ಲಸ್ 40 ಪ್ಲಸ್ 108 ಅಂದ್ರೆ 188 ಬಿತ್ತು, 56 ಕೈ ಬಿಟ್ಟೋಯ್ತು. ಇನ್ನೂ ಬಿಡಿಸಿ ನೋಡಿದ್ರೆ, ಅಲ್ಲಿಗೆ ಹೋಗಿ ಎಲ್ಲ ಜೋಡಿಸಿ ಒಂದೇ ಒಂದು ಹಾಡೂ ಹಾಕದೆ ವಾಪಸ್ ಬಂದ್ರೂ 164 ಖರ್ಚು ಆಗಿರತ್ತೆ, ಆಮೇಲೆ ಪ್ಲೇ ಮಾಡೋ ಪ್ರತಿ ಗಂಟೆಗೆ ಬರೀ 12. ಅಂದ್ರೆ ನಮ್ಮ ಖರ್ಚಿನಲ್ಲಿ ಮುಕ್ಕಾಲು ಪಾಲು ಹಾಡು ಹಾಕೋದ್ರಲ್ಲಿ ಇಲ್ವೇ ಇಲ್ಲ, ಅಲ್ಲಿಗೆ ಹೋಗಿ ಬರೋದ್ರಲ್ಲಿದೆ. ಖರ್ಚು ಹೀಗಿರುವಾಗ ಗಂಟೆ ಲೆಕ್ಕ ಮಾತ್ರ ಇಟ್ಕೊಂಡ್ರೆ ಗಿಟ್ಟಲ್ಲ.

ಗಂಟೆ ಲೆಕ್ಕನೇ ಬೇಕು ಅನ್ನೋರು ಕನಿಷ್ಠ 4 ಗಂಟೆ ಅಂತ ಹಾಕಿ, ಇಲ್ಲಾಂದ್ರೆ ಬಂದು ಜೋಡಿಸೋಕೆ ಇಷ್ಟು, ಅದರ ಮೇಲೆ ಗಂಟೆಗಿಷ್ಟು ಅಂತ ಎರಡು ಭಾಗ ಮಾಡಿ. ಎರಡನೇದು ಪ್ರಾಮಾಣಿಕವಾದ ಲೆಕ್ಕ, ಆದ್ರೆ ಕೆಲವು ಗಿರಾಕಿಗಳಿಗೆ "ಬರೋಕೇ ಅಷ್ಟಾ?" ಅನ್ಸತ್ತೆ, ವಿವರಿಸೋ ತಾಳ್ಮೆ ಬೇಕು. ಸಾಮಾನು ಅಲ್ಲೇ ಇರೋ ಜಾಗದಲ್ಲಿ, ಅಂದ್ರೆ ಹಾಲ್‌ನವರದ್ದೇ ಸೌಂಡ್ ಸಿಸ್ಟಮ್ ಇದ್ದು ನೀವು ಲ್ಯಾಪ್‌ಟಾಪ್ ಕಂಟ್ರೋಲರ್ ಹಿಡ್ಕೊಂಡು ಹೋಗೋ ಕೆಲಸಕ್ಕೆ, ಗಂಟೆ ಲೆಕ್ಕ ತುಂಬ ಚೆನ್ನಾಗಿ ಹೊಂದತ್ತೆ.

ಒಂದು ಫಂಕ್ಷನ್‌ಗೆ ಒಟ್ಟು ಇಷ್ಟು

ನನ್ನ ಮಟ್ಟಿಗೆ ಹೊಸಬರಿಗೆ ಇದೇ ವಾಸಿ. "ಸಂಜೆ ಪೂರ್ತಿ, ಒಟ್ಟು 5 ಗಂಟೆ ಹೊತ್ತು, ಸೌಂಡು ಬೇಸಿಕ್ ಲೈಟು ಒಂದು ವೈರ್‌ಲೆಸ್ ಮೈಕ್ ಸೇರಿ 280" ಅಂತ ಒಂದೇ ಉಸಿರಲ್ಲಿ ಹೇಳಬಹುದು. 265 ಇದ್ದಿದ್ದು 4 ಗಂಟೆಗೆ; ಒಂದು ಗಂಟೆ ಜಾಸ್ತಿ ಆದ್ರೆ ಅಸಲು 224, 0.8ರಿಂದ ಭಾಗಿಸಿದ್ರೆ 280. ಗಿರಾಕಿಗೂ ಒಂದು ನೆಮ್ಮದಿ, ಗಡಿಯಾರ ನೋಡ್ತಾ ಕೂರಬೇಕಿಲ್ಲ. ದಿನದ ಬೆಲೆನೂ ಇದ್ರಲ್ಲಿ ಸಹಜವಾಗಿ ಬಂದ್ಬಿಡತ್ತೆ, 2 ಗಂಟೆ ಕುಣಿದ್ರೂ 5 ಗಂಟೆ ಕುಣಿದ್ರೂ ಆ ಸಂಜೆ ಅವರದ್ದು.

ಇಲ್ಲಿ ಕೊರತೆ ಒಂದೇ, ಕೊನೆ ಎಲ್ಲಿ ಅಂತ ಬರೆದು ಕೊಡದಿದ್ರೆ ಸಂಜೆ ಪೂರ್ತಿ ಅನ್ನೋದು ಬೆಳಗಿನ ಜಾವದವರೆಗೂ ಹೋಗತ್ತೆ. ಜೋಶ್‌ನಲ್ಲಿರೋ ಜನ, ಫ್ಲೋರ್ ತುಂಬಿದೆ, ಯಾರೋ ಹಿರಿಯರು ಬಂದು ಹೆಗಲ ಮೇಲೆ ಕೈ ಹಾಕಿ "ಇನ್ನೊಂದು ಅರ್ಧ ಗಂಟೆ ಹಾಕಪ್ಪ" ಅಂತಾರೆ, ಆಗ ದುಡ್ಡಿನ ಮಾತು ಎತ್ತೋದು ತುಂಬ ಕಷ್ಟ, ನನ್ನ ಕೈಲಂತೂ ಆಗ್ತಿರಲಿಲ್ಲ. ಅದಕ್ಕೇ ಬುಕ್ಕಿಂಗ್ ಆಗೋವಾಗಲೇ ಬರೆದಿಡೋದು: ಇಷ್ಟು ಗಂಟೆಗೆ ಮುಗಿಯತ್ತೆ, ಆಮೇಲೆ ಪ್ರತಿ ಅರ್ಧ ಗಂಟೆಗೆ ಇಷ್ಟು, ಜಾಸ್ತಿ ಹೊತ್ತು ಬೇಕು ಅಂತ ಹೇಳಬೇಕಾದವರು ಇವರೊಬ್ಬರೇ. ಹೆಚ್ಚುವರಿ ಗಂಟೆಗೆ ನಾನು ಮಾಮೂಲಿ ಗಂಟೆಗಿಂತ ಸ್ವಲ್ಪ ಜಾಸ್ತಿನೇ ಇಡ್ತೀನಿ, ನಮ್ಮ ಲೆಕ್ಕದಲ್ಲಿ 66 ಇದ್ರೆ 75. ಖರ್ಚು 12 ತಾನೆ ಅಂತ ಕೇಳಬಹುದು. ನಡುರಾತ್ರಿಯ ಆ ಗಂಟೆ ನಿಮಗೂ ನಿಮ್ಮ ಹುಡುಗನಿಗೂ ಬೇರೆ ಥರದ ಗಂಟೆ, ಆಮೇಲೆ ಗಾಡಿ ಓಡಿಸ್ಕೊಂಡು ಮನೆಗೆ ಹೋಗೋದೂ ಇರತ್ತೆ.

ಮೂರು ಪ್ಯಾಕೇಜ್

ಫಂಕ್ಷನ್‌ಗಳು ಸ್ವಲ್ಪ ಜಾಸ್ತಿ ಆದ್ಮೇಲೆ, ಒಂದೇ ರೇಟಿನಿಂದ ಚಿಕ್ಕವರು ಓಡಿ ಹೋಗ್ತಿದಾರೆ ದೊಡ್ಡವರು ತುಂಬ ಸುಲಭವಾಗಿ ಒಪ್ಪಿಬಿಡ್ತಿದಾರೆ ಅನ್ನಿಸಿದಾಗ ಇದಕ್ಕೆ ಬನ್ನಿ. ಮೂರರಲ್ಲಿ ತುಂಬ ಜನ ಮಧ್ಯದ್ದನ್ನೇ ಆರಿಸೋದು ನಾನು ಕಂಡಿರೋದು, ಹಾಗಾಗಿ ನಿಮಗೆ ಖುಷಿಯಾಗಿ ಮಾಡೋಕಾಗೋ ಕೆಲಸನೇ ಮಧ್ಯದಲ್ಲಿರಲಿ.

ಏನನ್ನ ಯಾವುದರಲ್ಲಿ ಹಾಕೋದು ಅನ್ನೋದ್ರಲ್ಲೇ ಎಲ್ಲ ಇರೋದು. ಹೇಗಿದ್ರೂ ಗಾಡೀಲಿ ಬರೋ ವಸ್ತುನ, ಉದಾಹರಣೆಗೆ ಒಂದು ಮೈಕ್, ಚಿಕ್ಕ ಪ್ಯಾಕೇಜ್‌ನಿಂದ ಕಿತ್ತು ಹಾಕಬೇಡಿ, ನಿಮಗೆ ಉಳಿತಾಯ ಏನೂ ಇಲ್ಲ, ಫಂಕ್ಷನ್‌ನಲ್ಲಿ ಯಾರೋ ನಾಲ್ಕು ಮಾತಾಡ್ತೀನಿ ಅಂದಾಗ ಇಲ್ಲ ಅನ್ನೋ ಮುಜುಗರ ಬೇರೆ. ನಿಜವಾಗಿ ನಿಮ್ಮ ಖರ್ಚು ಏರಿಸೋದನ್ನ ಮೇಲಿನ ಪ್ಯಾಕೇಜ್‌ಗೆ ಇಡಿ: ಎರಡನೇ ಕೋಣೆಗೆ ಇನ್ನೊಂದು ಜೋಡಿ ಸ್ಪೀಕರ್, ಟ್ರಸ್ (ಲೈಟ್ ನೇತುಹಾಕೋ ಲೋಹದ ಚೌಕಟ್ಟು) ಮೇಲಿನ ಲೈಟು, ಮಧ್ಯಾಹ್ನವೇ ಬಂದು ಜೋಡಿಸಿ ರಾತ್ರಿವರೆಗೂ ಕಾಯೋದು. ಈ ಕಾಯೋದನ್ನ ತುಂಬ ಜನ ಫ್ರೀ ಕೊಡ್ತಾರೆ, ಅದು 3 ಗಂಟೆ ಆದ್ರೆ ನಮ್ಮ ಲೆಕ್ಕದಲ್ಲಿ 36 ಹೋಯ್ತು.

ತೊಂದ್ರೆ ಏನಂದ್ರೆ ಬಿಡಿಸೋ ಚೌಕಾಸಿ. "ಮಧ್ಯದ ಪ್ಯಾಕೇಜ್‌ನಲ್ಲಿ ಲೈಟ್ ಬೇಡ, ಎಷ್ಟು ಕಮ್ಮಿ ಮಾಡ್ತೀರ?" ಇದಕ್ಕೆ ಮುಂಚೇನೇ ಉತ್ತರ ಇಟ್ಕೊಳ್ಳಿ, ಇಲ್ಲಾಂದ್ರೆ ಪ್ಯಾಕೇಜ್ ಇದ್ದೂ ಇಲ್ಲದಂಗಾಗತ್ತೆ. ನಾನು ಒಳಗಿಂದ ಏನೂ ತೆಗೆಯಲ್ಲ, ಅದಕ್ಕಿಂತ ಕೆಳಗಿನ ಪ್ಯಾಕೇಜ್‌ಗೆ ಬೇಕಾದ್ದನ್ನ ಸೇರಿಸಿಕೊಡ್ತೀನಿ.

ಜನ ಎಷ್ಟು ಅನ್ನೋದರ ಮೇಲೆ

ತಲೆಗಿಷ್ಟು ಅಂತ ಲೆಕ್ಕ ಹಾಕೋದು ಊಟ ಬಡಿಸೋರಿಗೆ ಸರಿ, ಸೌಂಡಿಗೆ ಹೊಂದಲ್ಲ. 40 ಜನ 80 ಆದ್ರೆ ನಿಮ್ಮ ಖರ್ಚು ಒಂದು ಕಾಸೂ ಏರದೇ ಇರಬಹುದು, ಅದೇ ಎರಡು ಸ್ಪೀಕರ್ ಸಾಕು. ಆದ್ರೆ ಒಂದು ಮಿತಿ ದಾಟಿದ ತಕ್ಷಣ ಇನ್ನೆರಡು ಟಾಪು (ಸಬ್ ವೂಫರ್ ಮೇಲೆ ಇಡೋ ಮುಖ್ಯ ಸ್ಪೀಕರ್), ಸಬ್ ವೂಫರ್, ದೊಡ್ಡ ಗಾಡಿ, ಇನ್ನೊಬ್ಬ ಹುಡುಗ ಎಲ್ಲ ಒಟ್ಟಿಗೇ ಬೇಕಾಗತ್ತೆ. ಖರ್ಚು ಮೆಟ್ಟಿಲ ಥರ ಏರತ್ತೆ, ಹಾಗಾಗಿ ಇಷ್ಟು ಜನರವರೆಗೆ ಇಷ್ಟು, ಅಲ್ಲಿಂದ ಮೇಲೆ ಇಷ್ಟು ಅಂತ ಸ್ಲ್ಯಾಬ್ ಮಾಡಿದ್ರೆ ಸರಿಹೋಗತ್ತೆ.

ಜನರಿಗಿಂತಲೂ ಜಾಗ ಕೇಳಿ, ಇದನ್ನ ಒತ್ತಿ ಹೇಳ್ತೀನಿ. ಬಯಲಲ್ಲಿ ಗೋಡೆ ಇಲ್ಲ, ಚಾವಣಿ ಇಲ್ಲ, ಸ್ಪೀಕರ್‌ನಿಂದ ದೂರ ಎರಡರಷ್ಟು ಆದಾಗೆಲ್ಲ ಸೌಂಡ್ ಸುಮಾರು 6 ಡೆಸಿಬೆಲ್ ಬೀಳತ್ತೆ. ಆಂಪ್ಲಿಫೈಯರ್ ಪವರ್ ಡಬಲ್ ಮಾಡಿದ್ರೆ ವಾಪಸ್ ಸಿಗೋದು 3 ಡೆಸಿಬೆಲ್ ಮಾತ್ರ, ಅಂದ್ರೆ 10 ಮೀಟರ್‌ನಲ್ಲಿ ಕೇಳಿಸ್ತಿದ್ದ ಸೌಂಡು 20 ಮೀಟರ್‌ನಲ್ಲೂ ಅಷ್ಟೇ ಕೇಳಿಸಬೇಕು ಅಂದ್ರೆ 4 ಪಟ್ಟು ಪವರ್. ಹಾಲ್‌ನಲ್ಲಿ 100 ಜನಕ್ಕೆ ಧಾರಾಳವಾಗಿ ಸಾಕಾಗಿದ್ದ ಸೆಟ್ಟು ಅದೇ 100 ಜನಕ್ಕೆ ತೋಟದಲ್ಲಿ ಕೀಚಲಾಗೋದು ಇದಕ್ಕೇ. ಅದ್ರ ಜೊತೆ ಜನರೇಟರ್, ಉದ್ದದ ಕೇಬಲ್, ಮಳೆ ಬಂದ್ರೆ ಮುಚ್ಚೋಕೆ ಶೀಟು. ಹೊರಾಂಗಣಕ್ಕೆ ನಾನು ಯಾವತ್ತೂ ಬೇರೆ ರೇಟೇ ಹೇಳೋದು.

ಪ್ರತಿ ಸಲ ಹೊಸ ಕೊಟೇಶನ್

ಎರಡು ಜಾಗ, ಎರಡು ದಿನ, ಬಯಲು, ಜನರೇಟರ್, ಲೈವ್ ಹಾಡೋರು ಬೇರೆ ಇದಾರೆ ಅನ್ನೋ ದೊಡ್ಡ ಕೆಲಸಕ್ಕೆ ಇದು ಬಿಟ್ಟು ಬೇರೆ ದಾರಿ ಇಲ್ಲ, ಜಾಗ ಕಣ್ಣಲ್ಲಿ ನೋಡಿ ಬಂದೇ ರೇಟ್ ಹೇಳಬೇಕು. ಮಾಮೂಲಿ ಬರ್ತ್‌ಡೇಗೂ ಹೀಗೆ ಮಾಡೋಕೆ ಹೋದ್ರೆ ಟೈಮೆಲ್ಲ ಕೊಟೇಶನ್ ಬರೆಯೋದ್ರಲ್ಲೇ ಕಳೆದೋಗತ್ತೆ. 5 ಕೊಟೇಶನ್‌ಗೆ 1 ಬುಕ್ಕಿಂಗ್ ಬಂದ್ರೆ, ಒಂದೊಂದಕ್ಕೆ ಅರ್ಧ ಗಂಟೆ ಹಿಡಿದ್ರೆ, ಎರಡೂವರೆ ಗಂಟೆ ಆ ಒಂದು ಬುಕ್ಕಿಂಗ್ ತಲೆ ಮೇಲೆ ಬಿತ್ತು, 30. ಇನ್ನೊಂದು, ಗಿರಾಕಿಯ ಮನೆ, ಕಾರು ನೋಡಿ ರೇಟ್ ಏರಿಸೋ ಆಸೆ ಈ ಪದ್ಧತೀಲಿ ಬರತ್ತೆ. ದಯವಿಟ್ಟು ಬೇಡ. ಒಂದೇ ಬಳಗದ ಇಬ್ಬರು ಒಂದೇ ಕೆಲಸಕ್ಕೆ ಎರಡು ರೇಟ್ ಕೊಟ್ಟಿದ್ದು ಮಾತಿಗೆ ಮಾತು ಬಂದು ಗೊತ್ತಾದ ದಿನ ಇಬ್ಬರೂ ಕೈಬಿಟ್ಟು ಹೋಗ್ತಾರೆ.

ಬೇರೆಯವರ ಕೈಕೆಳಗೆ ಪ್ಲೇ ಮಾಡೋದು

ಈವೆಂಟ್ ಮಾಡಿಸೋರು, ದೊಡ್ಡ ಸೌಂಡ್‌ನವರು ಕರೆದು ರಾತ್ರಿಗಿಷ್ಟು ಅಂತ ಕೊಡ್ತಾರೆ. ಮೊತ್ತ ಚಿಕ್ಕದು ಅಂತ ಮೂಗು ಮುರಿಯೋಕೆ ಮುಂಚೆ ಲೆಕ್ಕ ನೋಡಿ: ಅವರದ್ದೇ ಸಾಮಾನು ಇದ್ರೆ ನಿಮ್ಮದು ಸವೆಯಲ್ಲ, ಎತ್ತೋ ಹುಡುಗ ಬೇಡ, ಗಿರಾಕಿ ಹುಡುಕೋ ಖರ್ಚಿಲ್ಲ, 11 ಗಂಟೆ 6 ಆಗಬಹುದು. 130 ಕೊಟ್ರೂ ನಿಮ್ಮ ಸ್ವಂತ 265ಕ್ಕಿಂತ ಗಂಟೆ ಲೆಕ್ಕದಲ್ಲಿ ವಾಸಿ ಬರೋದುಂಟು. ನಿಮ್ಮ ಹೆಸರು ಬೆಳೆಯಲ್ಲ, ಅದು ಇದ್ರ ಬೆಲೆ. ಅವರ ಗಿರಾಕಿಗೆ ನಿಮ್ಮ ಕಾರ್ಡ್ ಕೊಡೋ ಕೆಲಸ ಮಾತ್ರ ಮಾಡಬೇಡಿ.

ಶನಿವಾರ ಬೇರೆ, ಮಂಗಳವಾರ ಬೇರೆ

ಯಾವ ಪದ್ಧತಿ ಹಿಡಿದ್ರೂ ಇದನ್ನ ಅದರ ಮೇಲೆ ಕೂರಿಸಬಹುದು. ಖಾಲಿ ಹೋದ ದಿನನ ಗೋಡೌನ್‌ನಲ್ಲಿ ಇಟ್ಟು ಮುಂದಿನ ವಾರ ಮಾರೋಕಾಗಲ್ಲ. ನಮ್ಮ ಅಸಲು 212ರಲ್ಲಿ 40 ಮನೇಲಿ ಕೂತ್ರೂ ಹೋಗೋ ಖರ್ಚು ತಾನೆ, ಹೊರಗೆ ಕಾಲಿಟ್ರೆ ಮಾತ್ರ ಆಗೋದು ಉಳಿದ 172. ಯಾರೂ ಕೇಳದ ಮಂಗಳವಾರಕ್ಕೆ 190 ಅಂದ್ರೂ ನಿಮ್ಮ ಕೂಲಿ ಬಂತು, ಮೇಲೆ 18 ಆ ಖಾಯಂ ಖರ್ಚಿಗೆ ಸೇರ್ತು. 172ರ ಕೆಳಗೆ ಮಾತ್ರ ಇಳಿಯಬೇಡಿ. ಸೀಸನ್ ಶನಿವಾರಕ್ಕೆ ಇದೇ 190 ಹೇಳಿದ್ರೆ, ಮುಂದಿನ ವಾರ 265 ಕೊಡೋರು ಫೋನ್ ಮಾಡಿದಾಗ ಡೇಟ್ ಇಲ್ಲ ಅನ್ನಬೇಕಾಗತ್ತೆ. ಸೀಸನ್ ಡೇಟ್‌ಗಳು 2 ತಿಂಗಳು ಮುಂಚೇನೇ ತುಂಬ್ತಿದ್ರೆ ರೇಟ್ ಏರಿಸೋ ಟೈಮ್ ಬಂದಿದೆ ಅಂತ ನಾನು ತಿಳ್ಕೊಳ್ತೀನಿ. ಹಳೇ ಬುಕ್ಕಿಂಗ್ ಮುಟ್ಟಲ್ಲ, ಹೊಸದಕ್ಕೆ ಮಾತ್ರ ಏರಿಸ್ತೀನಿ.

ಹಾಗಾದ್ರೆ ನಿಮಗೆ ಯಾವುದು

ಬೇರೆ ನೌಕರಿ ಇದ್ದು ತಿಂಗಳಿಗೆ ಒಂದೋ ಎರಡೋ ಮಾಡೋರು ಒಟ್ಟು ರೇಟ್ ಒಂದೇ ಇಟ್ಕೊಳ್ಳಿ. ಪುಸಲಾವಣೆಗೆ ಬಗ್ಗಬೇಡಿ, ಯಾಕಂದ್ರೆ ಕಮ್ಮಿ ಫಂಕ್ಷನ್ ಮಾಡೋರ ತಲೆ ಮೇಲೆ ಸಾಮಾನಿನ ಭಾರ ಜಾಸ್ತಿ ಬೀಳತ್ತೆ, ವರ್ಷಕ್ಕೆ 20 ಆದ್ರೆ ಅಸಲೇ 252. ನೌಕರಿ ಸಂಬಳ ಇದೆಯಲ್ಲ ಅಂತ ಕಮ್ಮಿಗೆ ಒಪ್ಪಿಕೊಂಡ್ರೆ ಇದ್ರಲ್ಲೇ ಹೊಟ್ಟೆ ಹೊರೆಯೋರ ಹೊಟ್ಟೆ ಮೇಲೂ ಬೀಳತ್ತೆ, ಇದನ್ನ ಕೈ ಮುಗಿದು ಹೇಳ್ತೀನಿ. ಸಾಮಾನು ಕೊಳ್ಳೋ ದುಡ್ಡೇ ಇಲ್ಲದೋರು ಮೊದಲ ವರ್ಷ ಬೇರೆಯವರ ಕೈಕೆಳಗೆ ಪ್ಲೇ ಮಾಡಿ, ಜೊತೆಗೆ ಬಾಡಿಗೆ ಸಾಮಾನು ತಗೊಂಡು ಒಂದೊಂದು ಸ್ವಂತ ಫಂಕ್ಷನ್ ಹಿಡೀರಿ, ಬಾಡಿಗೆ ಬಿಲ್ ಅಸಲಿಗೆ ಹಾಗೇ ಸೇರಿಸಿ. ಪೂರ್ತಿ ಇದನ್ನೇ ನಂಬಿರೋರಿಗೆ ಮೂರು ಪ್ಯಾಕೇಜ್, ಅದರ ಮೇಲೆ ದಿನದ ವ್ಯತ್ಯಾಸ, ದೊಡ್ಡದಕ್ಕೆ ಮಾತ್ರ ಕೊಟೇಶನ್. ಗೊತ್ತಿರೋರು, ಸಂಬಂಧಿಕರು ಅಂದಾಗ ರೇಟ್ ಇಳಿಸೋ ಬದಲು ಒಂದು ಗಂಟೆ ಜಾಸ್ತಿ ಕೊಡಿ, ನಿಮಗೆ ಖರ್ಚು 12, ಅವರಿಗೆ ಸಿಗೋದು 66ರ ಮರ್ಯಾದೆ.

ಅಡ್ವಾನ್ಸ್ ಇಲ್ಲದೆ ಡೇಟ್ ಹಿಡಿಯಬೇಡಿ. ನಾನು ಅರ್ಧ ಬುಕ್ಕಿಂಗ್‌ಗೆ, ಉಳಿದಿದ್ದು ಫಂಕ್ಷನ್ ಶುರುವಾಗೋಕೆ ಮುಂಚೆ ತಗೊಳ್ತೀನಿ. ಒಂದ್ಸಲ ಬಾಯಿ ಮಾತಲ್ಲಿ ಹಿಡಿದಿಟ್ಟ ಸೀಸನ್ ಶನಿವಾರ ಮೂರು ದಿನ ಮುಂಚೆ ಕ್ಯಾನ್ಸಲ್ ಆಗಿ, ಅಷ್ಟರಲ್ಲಿ ಬೇರೆ ಇಬ್ಬರಿಗೆ ಇಲ್ಲ ಅಂದಿದ್ದೆ, ಅವತ್ತು ರಾತ್ರಿ ಮನೇಲಿ ಕೂತಿದ್ದು ಇನ್ನೂ ನೆನಪಿದೆ.

ಈಗ ಫೋನ್ ಬಂದಾಗ ಮೊದಲು ಕೇಳೋದು ಯಾವ ದಿನ, ಒಳಗಾ ಹೊರಗಾ, ಎಷ್ಟು ಜನ, ಎಷ್ಟೊತ್ತಿಗೆ ಮುಗೀಬೇಕು, ಯಾವ ಮಹಡಿ, ಲಿಫ್ಟ್ ಇದೆಯಾ. ಅರ್ಧ ಗಂಟೆ ಬಿಟ್ಟು ಹೀಗೊಂದು ಮೆಸೇಜ್ ಹಾಕ್ತೀನಿ:

"ನಮಸ್ಕಾರ ಸಾರ್. ಶನಿವಾರ ಸಂಜೆ 6ರಿಂದ 11, ಹಾಲ್ ಒಳಗೆ, 100 ಜನರವರೆಗೆ. ಸೌಂಡ್, ಲೈಟ್, ಒಂದು ವೈರ್‌ಲೆಸ್ ಮೈಕ್, ಹೋಗಿ ಬರೋ ಖರ್ಚು ಎಲ್ಲ ಸೇರಿ 280. 11ರ ಮೇಲೆ ಹಾಲ್‌ನವರು ಒಪ್ಪಿದ್ರೆ ಪ್ರತಿ ಅರ್ಧ ಗಂಟೆಗೆ 38, ನೀವೇ ಬಂದು ಹೇಳಿದ್ರೆ ಮಾತ್ರ. ಅರ್ಧ ಅಡ್ವಾನ್ಸ್ ಬಂದ ಮೇಲೆ ಡೇಟ್ ನಿಮ್ಮದು, ಬುಧವಾರದವರೆಗೆ ನಿಮಗೋಸ್ಕರ ಹಿಡಿದಿಟ್ಟಿರ್ತೀನಿ."